ಕಪ್ಪು ಚುಕ್ಕೆ ಹೇಳಿದ ಸಾಕ್ಷಿ (ಈಜುಕೊಳದ ನೀರಿನ ಒಂದು ಪರೀಕ್ಷೆ)



ಸ್ಟೆಬಿಲೈಜರ್ ಅಂದರೆ ಫ್ರಿಜ್ಜಿನ ಪಕ್ಕ ಇಡುವ ಡಬ್ಬಿ ಅಂತಲೇ ನಾನು ತಿಳಿದಿದ್ದೆ. ಕರೆಂಟು ಏರುಪೇರಾದಾಗ 'ಟಕ್' ಅನ್ನುತ್ತಲ್ಲ, ಅದು. ನೀರಿಗೂ ಒಂದು ಸ್ಟೆಬಿಲೈಜರ್ ಇದೆ ಅಂತ ಗೊತ್ತಾದದ್ದು ಬೇಸಗೆ ರಜೆಯಲ್ಲಿ ಸೋದರಮಾವನ ಮನೆಗೆ ಹೋದಾಗ. ಮಾವ ಮಲೆನಾಡಿನಲ್ಲಿ ಒಬ್ಬ ಕಾಫಿ ಸಾಹುಕಾರರ ಮನೆಯಲ್ಲಿ ಕೆಲಸಕ್ಕಿದ್ದಾರೆ. ಆ ಮನೆಯ ಹಿಂದೆ ಒಂದು ಈಜುಕೊಳ ಇದೆ. ಅದನ್ನು ನೋಡಿಕೊಳ್ಳುವುದು ಮಾವನ ಕೆಲಸ.

ನಾನು ಹೋದ ದಿನ ಮಾವ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಕೇಳಿದರೆ ಅತ್ತೆ ಹೇಳಿದರು. ಕೊಳದ ನೀರು ಹಸಿರಾಗಿದೆ, ಗೋಡೆಯೆಲ್ಲ ಪಾಚಿ ಕಟ್ಟಿ ಜಾರುತ್ತಿದೆ. ರಜೆಗೆ ಬಂದ ಮೊಮ್ಮಕ್ಕಳನ್ನು ನೀರಿಗೆ ಇಳಿಸುವ ಹಾಗಿಲ್ಲ. "ಮಾತ್ರೆ ಹಾಕಿದ್ದರೆ ನೀರು ಹೀಗಾಗುತ್ತಿತ್ತಾ? ಡಬ್ಬಿ ಡಬ್ಬಿ ಮಾತ್ರೆ ಎಲ್ಲಿಗೆ ಹೋಯಿತು?" ಅಂತ ಸಾಹುಕಾರರು ನಾಲ್ಕು ಜನರ ಎದುರು ಕೇಳಿದರಂತೆ. ಅಂದರೆ ಮಾವ ಮಾತ್ರೆ ಮಾರಿಕೊಂಡಿದ್ದಾರೆ ಅಂತ ಅರ್ಥ. ಮಾವ ಗುಲಾಬಿ ಬಣ್ಣದ ಪರೀಕ್ಷೆ ಮಾಡಿ ತೋರಿಸಿದರು. ನೀರಿನಲ್ಲಿ ಕ್ಲೋರಿನ್ 3 ಪಿ.ಪಿ.ಎಂ. ಇತ್ತು. "ನಾನು ಬರ್ತೀನಿ ಅಂತ ಈಗ ಹಾಕಿರ್ತೀಯ" ಅಂದರಂತೆ. ಅದಕ್ಕೆ ಏನು ಉತ್ತರ ಕೊಡುವುದು?

(ಪಿ.ಪಿ.ಎಂ. ಎಂದರೆ ದಶಲಕ್ಷ ಭಾಗದಲ್ಲಿ ಒಂದು ಭಾಗ. ನೀರಿನ ಲೆಕ್ಕದಲ್ಲಿ ಒಂದು ಲೀಟರಿಗೆ ಒಂದು ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ.)

ಕ್ಲೋರಿನ್ ಇದೆ, ಆದರೂ ಪಾಚಿ ಬೆಳೆಯುತ್ತಿದೆ. ಇದು ನನಗೂ ಒಗಟಾಯಿತು. ಮಾವನ ಪರೀಕ್ಷಾ ಪೆಟ್ಟಿಗೆ ತೆಗೆದು ನೋಡಿದೆ. ಅದರಲ್ಲಿ ಒಂದು ಬಾಟಲಿಯ ಮುಚ್ಚಳವನ್ನೇ ಬಿಚ್ಚಿರಲಿಲ್ಲ. ಜೊತೆಗೆ ಒಂದು ಉದ್ದನೆಯ ಕೊಳವೆ, ಅದರ ತಳದಲ್ಲಿ ಒಂದು ಕಪ್ಪು ಚುಕ್ಕೆ. "ಅದು ಯಾತಕ್ಕೋ ಗೊತ್ತಿಲ್ಲ ಕಣಮ್ಮ, ಕೊಳ ಕಟ್ಟಿದವರು ಕೊಟ್ಟು ಹೋದರು" ಅಂದರು ಮಾವ. ಚೀಟಿ ಇಂಗ್ಲಿಷಿನಲ್ಲಿತ್ತು. ನಮ್ಮ ವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿ ಒಂದೊಂದೇ ಸಾಲು ಓದಿ ಹೇಳಿದೆ. ಅವರು ವಿವರಿಸಿದ್ದನ್ನು, ನಾವು ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಟೆಬಿಲೈಜರ್ ಏಕೆ ಬೇಕು ಅನ್ನುವುದು. ಕ್ಲೋರಿನ್ ನೀರಿಗೆ ಬಿದ್ದಾಗ ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತದೆ. ಕ್ರಿಮಿಗಳನ್ನು ಕೊಲ್ಲುವುದು ಮುಖ್ಯವಾಗಿ ಅದೇ. ಆದರೆ ಬಯಲಿನಲ್ಲಿರುವ ಕೊಳದ ಮೇಲೆ ಬಿಸಿಲು ಬಿದ್ದರೆ ಅತಿನೇರಳೆ ಕಿರಣಗಳು ಕ್ಲೋರಿನ್ನನ್ನು ಒಡೆದು ಹಾಕುತ್ತವೆ. ಬಿರುಬಿಸಿಲಿನಲ್ಲಿ ಎರಡು ಗಂಟೆಯೊಳಗೆ ಬಹುಪಾಲು ಹೋಗಿಬಿಡುತ್ತದೆ. ಇದನ್ನು ತಡೆಯಲು ಸಯನೂರಿಕ್ ಆಮ್ಲ ಅನ್ನುವ ಬಿಳಿ ವಸ್ತುವನ್ನು ನೀರಿಗೆ ಸೇರಿಸುತ್ತಾರೆ. ಅದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು ಬಿಸಿಲಿನಿಂದ ಕಾಪಾಡುತ್ತದೆ, ಬೇಕಾದಾಗ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಇದೇ ನೀರಿನ ಸ್ಟೆಬಿಲೈಜರ್.

ಮೇಷ್ಟ್ರು ಇದಕ್ಕೆ ಒಳ್ಳೆಯ ಹೋಲಿಕೆ ಕೊಟ್ಟರು. ಕ್ಲೋರಿನ್ ಅಂದರೆ ತೋಟ ಕಾಯುವ ನಾಯಿ. ಕಟ್ಟದೆ ಬಿಟ್ಟರೆ ಎಲ್ಲೆಲ್ಲೋ ಓಡಿಹೋಗುತ್ತದೆ. ಸರಪಳಿ ಹಾಕಿ ನೆರಳಿನಲ್ಲಿ ಕಟ್ಟಿದರೆ ಉಳಿಯುತ್ತದೆ. ಆದರೆ ಇರುವ ನಾಯಿಗಳನ್ನೆಲ್ಲ ಕಟ್ಟಿಯೇ ಹಾಕಿದರೆ ಕಳ್ಳನನ್ನು ಅಟ್ಟುವವರು ಯಾರು? ಸಯನೂರಿಕ್ ಆಮ್ಲ ಅತಿಯಾದರೆ ಹೀಗೇ ಆಗುತ್ತದೆ. ಒಂದು ಹೊತ್ತಿಗೆ ಬಿಡಿಯಾಗಿರುವ ಕ್ಲೋರಿನ್ ತೀರಾ ಕಡಿಮೆಯಾಗಿ, ಕ್ರಿಮಿ ಸಾಯುವುದು ನಿಧಾನವಾಗುತ್ತದೆ, ಪಾಚಿ ಗೆಲ್ಲುತ್ತದೆ. ಮೋಸ ಇರುವುದು ಇಲ್ಲಿ: ಗುಲಾಬಿ ಬಣ್ಣದ ಪರೀಕ್ಷೆ ಕಟ್ಟಿದ ನಾಯಿಯನ್ನೂ ಬಿಟ್ಟ ನಾಯಿಯನ್ನೂ ಸೇರಿಸಿಯೇ ಎಣಿಸುತ್ತದೆ. ಆದ್ದರಿಂದ ಮಾವನ ನೀರಿನಲ್ಲಿ 3 ಅಂತ ತೋರಿಸಿದ್ದು ಸುಳ್ಳಲ್ಲ, ಆದರೆ ಪೂರ್ತಿ ಸಂಗತಿಯೂ ಅಲ್ಲ.

ಈ ಆಮ್ಲ 30ರಿಂದ 50 ಪಿ.ಪಿ.ಎಂ. ಇದ್ದರೆ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 100 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಳದಲ್ಲಿ ಕ್ಲೋರಿನ್ ಕನಿಷ್ಠ 1 ಇರಬೇಕು, ಸಯನೂರಿಕ್ ಆಮ್ಲ ಬಳಸುವುದಾದರೆ ಕನಿಷ್ಠ 2 ಇರಬೇಕು ಅನ್ನುವುದು ಅಮೆರಿಕದ ಸಿ.ಡಿ.ಸಿ. ಎಂಬ ರೋಗ ನಿಯಂತ್ರಣ ಕೇಂದ್ರದ ಸಲಹೆ.

ಇನ್ನು ಪರೀಕ್ಷೆ. ಕೊಳದ ಮೇಲ್ಮೈ ನೀರು ತೆಗೆಯಬಾರದು, ಮೊಳಕೈ ಮುಳುಗುವಷ್ಟು ಆಳದಿಂದ ತೆಗೆಯಬೇಕು. ನೀರು ತೀರಾ ತಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಬೆಳಿಗ್ಗೆ ತಂದ ನೀರನ್ನು ಸ್ವಲ್ಪ ಹೊತ್ತು ಹೊರಗೆ ಇಟ್ಟೆವು. ಚಿಕ್ಕ ಸೀಸೆಯಲ್ಲಿ ಕೆಳಗಿನ ಗೆರೆಯವರೆಗೆ ಕೊಳದ ನೀರು, ಮೇಲಿನ ಗೆರೆಯವರೆಗೆ ಆ ಬಾಟಲಿಯ ದ್ರಾವಣ, ಅಂದರೆ ಎರಡೂ ಸಮಸಮ. ಆ ದ್ರಾವಣದಲ್ಲಿ ಇರುವುದು ಮೆಲಮೈನ್. ಹೌದು, ತಟ್ಟೆ ಬಟ್ಟಲು ಮಾಡುತ್ತಾರಲ್ಲ, ಆ ಪ್ಲಾಸ್ಟಿಕ್ಕಿಗೆ ಮೂಲವಾದ ವಸ್ತುವೇ. ಮೆಲಮೈನ್ ಮತ್ತು ಸಯನೂರಿಕ್ ಆಮ್ಲ ಸೇರಿದರೆ ನೀರಿನಲ್ಲಿ ಕರಗದ ಬಿಳಿ ಕಣಗಳು ಹುಟ್ಟುತ್ತವೆ. ನೀರು ಸುಣ್ಣದ ತಿಳಿಗೆ ಗಾಳಿ ಊದಿದ ಹಾಗೆ ಮಬ್ಬಾಗುತ್ತದೆ. ಆಮ್ಲ ಹೆಚ್ಚಿದ್ದಷ್ಟೂ ಮಬ್ಬು ಹೆಚ್ಚು.

ಅಲ್ಲಾಡಿಸಿ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಬಿಸಿಲಿಗೆ ಬೆನ್ನು ಹಾಕಿ ನಿಲ್ಲಬೇಕು. ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುತ್ತಾ ಮಬ್ಬು ನೀರನ್ನು ನಿಧಾನವಾಗಿ ಸುರಿಯಬೇಕು. ತಳದ ಕಪ್ಪು ಚುಕ್ಕೆ ಯಾವಾಗ ಕಾಣದೆ ಹೋಗುತ್ತದೋ ಅಲ್ಲಿಗೆ ನಿಲ್ಲಿಸಿ, ನೀರಿನ ಮಟ್ಟದ ಅಂಕೆ ಓದಬೇಕು. ಕಣ್ಣು ಕಿರಿದು ಮಾಡಿ ಹುಡುಕಬಾರದು. ಹುಡುಕಿದರೆ ಇಲ್ಲದ ಚುಕ್ಕೆಯೂ ಕಾಣುತ್ತದೆ! ನಾನೂ ಮಾವನೂ ಬೇರೆಬೇರೆಯಾಗಿ ಓದಿದೆವು.

ಕೊಳವೆಯ ಅಂಕೆಗಳು ನಮ್ಮ ಸ್ಕೇಲಿನ ಹಾಗೆ ಸಮನಾಗಿರುವುದಿಲ್ಲ. 100 ಕೆಳಗೆ, 30 ಮೇಲೆ. 90ಕ್ಕೂ 100ಕ್ಕೂ ನಡುವೆ ಕೂದಲೆಳೆಯಷ್ಟು, 30ಕ್ಕೂ 40ಕ್ಕೂ ನಡುವೆ ಅಗಲ ಜಾಗ. ಯಾಕೆ ಅಂತ ತಿಳಿಯಬೇಕಾದರೆ ನಿಮ್ಮ ಮನೆಯಲ್ಲೇ ಮಾಡಿ ನೋಡಿ. ಒಂದು ಗಾಜಿನ ಲೋಟದ ಕೆಳಗೆ ಕಪ್ಪು ಚುಕ್ಕೆ ಹಾಕಿದ ಕಾಗದ ಇಡಿ. ಒಂದು ಚೊಂಬು ನೀರಿಗೆ ಸ್ವಲ್ಪ ಹಾಲು ಬೆರೆಸಿ, ಚುಕ್ಕೆ ಮರೆಯಾಗುವವರೆಗೆ ಲೋಟಕ್ಕೆ ಸುರಿಯಿರಿ, ಎತ್ತರ ಅಳೆಯಿರಿ. ಆಮೇಲೆ ಅಷ್ಟೇ ನೀರಿಗೆ ಹಾಲು ಎರಡರಷ್ಟು ಬೆರೆಸಿ ಮತ್ತೆ ಅಳೆಯಿರಿ. ಎತ್ತರ ಹೆಚ್ಚು ಕಡಿಮೆ ಅರ್ಧಕ್ಕೆ ಬರುತ್ತದೆ. ಗಣಿತದಲ್ಲಿ ವಿಲೋಮಾನುಪಾತ ಅಂತ ಓದಿದ್ದು ಇದೇ.

ನಮ್ಮ ಮೊದಲ ಪರೀಕ್ಷೆಯಲ್ಲಿ ಚುಕ್ಕೆ 100ರ ಗೆರೆ ತಲುಪುವ ಮೊದಲೇ ಮಾಯವಾಯಿತು. ಅಂದರೆ ಆಮ್ಲ 100ಕ್ಕಿಂತ ಹೆಚ್ಚು ಅಂತ ಮಾತ್ರ ಗೊತ್ತಾಯಿತು, ಎಷ್ಟು ಹೆಚ್ಚು ಅಂತ ಗೊತ್ತಾಗಲಿಲ್ಲ. ಆಗ ಮೇಷ್ಟ್ರು ಹೇಳಿದ ಉಪಾಯ ಮಾಡಿದೆವು. ಒಂದು ಪಾಲು ಕೊಳದ ನೀರಿಗೆ ಮೂರು ಪಾಲು ಬಾವಿ ನೀರು ಸೇರಿಸಿ, ಆ ಮಿಶ್ರಣವನ್ನು ಪರೀಕ್ಷಿಸಿ, ಬಂದ ಅಂಕೆಯನ್ನು ನಾಲ್ಕರಿಂದ ಗುಣಿಸುವುದು. ಅದಕ್ಕೂ ಮೊದಲು ಬರೀ ಬಾವಿ ನೀರನ್ನು ಪರೀಕ್ಷೆ ಮಾಡಿದೆವು. ಕೊಳವೆ ತುಂಬಿದರೂ ಚುಕ್ಕೆ ಕಪ್ಪಗೆ ಕಾಣುತ್ತಿತ್ತು. ಬಾವಿ ನೀರಿನಿಂದ ತಪ್ಪು ಬರುವುದಿಲ್ಲ ಅಂತ ಖಾತ್ರಿಯಾಯಿತು. ಮಿಶ್ರಣದಲ್ಲಿ ಚುಕ್ಕೆ 40ಕ್ಕೂ 50ಕ್ಕೂ ನಡುವೆ ಮರೆಯಾಯಿತು. ನಾಲ್ಕರಿಂದ ಗುಣಿಸಿದರೆ 160ರಿಂದ 200! (ಗುಣಿಸುವಾಗ ನಮ್ಮ ಕಣ್ಣಿನ ತಪ್ಪೂ ನಾಲ್ಕರಷ್ಟು ಆಗುತ್ತದೆ ಅನ್ನುವುದು ನೆನಪಿರಲಿ.)

ಇಷ್ಟೊಂದು ಎಲ್ಲಿಂದ ಬಂತು? ಮಾವ ಸ್ಟೆಬಿಲೈಜರ್ ಅಂತ ಏನನ್ನೂ ಹಾಕಿರಲಿಲ್ಲ. ಬಂದದ್ದು ಆ ಮಾತ್ರೆಯಿಂದಲೇ. ಮಾತ್ರೆಯ ಹೆಸರು ಟ್ರೈಕ್ಲೋರೋ ಐಸೋಸಯನೂರಿಕ್ ಆಮ್ಲ. ಹೆಸರಿನೊಳಗೇ ಸಯನೂರಿಕ್ ಕುಳಿತಿದೆ ನೋಡಿ. ಇದರ ಅಣುವಿನಲ್ಲಿ ಇಂಗಾಲ, ಸಾರಜನಕ, ಆಮ್ಲಜನಕ, ಕ್ಲೋರಿನ್ ಮೂರು ಮೂರು. ಅಣುತೂಕ 36 + 42 + 48 + 106.5 = 232.5. ನೀರಿನಲ್ಲಿ ಕ್ಲೋರಿನ್ ಬಿಟ್ಟುಹೋಗಿ ಆ ಜಾಗಕ್ಕೆ ಮೂರು ಜಲಜನಕ ಬಂದರೆ ಉಳಿಯುವುದು ಸಯನೂರಿಕ್ ಆಮ್ಲ, ಅದರ ಅಣುತೂಕ 129. ಹಾಗಾದರೆ 200 ಗ್ರಾಂ ಮಾತ್ರೆಯಿಂದ ಸುಮಾರು 111 ಗ್ರಾಂ ಆಮ್ಲ. ಕೊಳದ ಉದ್ದ 10 ಮೀಟರ್, ಅಗಲ 4, ಆಳ ಸರಾಸರಿ 1.25, ಅಂದರೆ 50,000 ಲೀಟರ್ ನೀರು. ಒಂದು ಮಾತ್ರೆಗೆ 2.2 ಪಿ.ಪಿ.ಎಂ. ಏರುತ್ತದೆ.

ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಉಳಿಯುತ್ತದೆ. ಬೇಸಗೆಯಲ್ಲಿ ನೀರು ಆವಿಯಾದರೂ ಆಮ್ಲ ಹೋಗುವುದಿಲ್ಲ, ಸಾರು ಬತ್ತಿದರೆ ಉಪ್ಪು ಉಳಿಯುವ ಹಾಗೆ. ಮಲೆನಾಡಿನ ಮಳೆಗಾಲದಲ್ಲಾದರೆ ಕೊಳ ತುಂಬಿ ಹರಿದು ಒಂದಿಷ್ಟು ಕೊಚ್ಚಿಹೋಗುತ್ತದೆ. ಆದರೆ ಮಾವ ಕೊಳ ತೊಳೆದು ಹೊಸ ನೀರು ತುಂಬಿಸಿದ್ದು ಮಳೆ ನಿಂತ ಮೇಲೆ, ನವೆಂಬರಿನಲ್ಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾವ ಹಾಲಿನ ಲೆಕ್ಕ ಬರೆಯುವ ಹಾಗೆ, ಮಾತ್ರೆ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಎರಡು ದಿನಕ್ಕೊಂದು. ಎಣಿಸಿದೆ: 90 ಗೀಟು. 90 × 2.2 = 198. ಪರೀಕ್ಷೆಯಲ್ಲಿ ಬಂದದ್ದು 160ರಿಂದ 200! ಸ್ವಲ್ಪ ಕಡಿಮೆ ಇದ್ದರೆ ಅದು ಫಿಲ್ಟರ್ ತೊಳೆದಾಗ ಹೊರಗೆ ಹೋದದ್ದು, ಈಜುವವರು ಎರಚಿದ್ದು. ಮಾವ ಮಾತ್ರೆ ಮಾರಿಕೊಂಡಿದ್ದರೆ ಚುಕ್ಕೆ ಅಷ್ಟು ಬೇಗ ಮರೆಯಾಗುತ್ತಿರಲಿಲ್ಲ. ಒಂದೇ ದಿನ ಎರಡು ಮಾತ್ರೆ ಹಾಕಿ ಕ್ಲೋರಿನ್ 3 ತೋರಿಸಬಹುದು, ಆದರೆ ಆರು ತಿಂಗಳ ಆಮ್ಲವನ್ನು ಒಂದೇ ದಿನದಲ್ಲಿ ತೋರಿಸಲು ಆಗುವುದಿಲ್ಲ.

ನಾನು ಲೆಕ್ಕವನ್ನು ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟೆ. ಮಾವ ಮರುದಿನ ಅದನ್ನೂ ಕ್ಯಾಲೆಂಡರನ್ನೂ ಕೊಳವೆಯನ್ನೂ ತೆಗೆದುಕೊಂಡು ಹೋಗಿ ಸಾಹುಕಾರರ ಎದುರಿಗೇ ಪರೀಕ್ಷೆ ಮಾಡಿದರು. ಸಾಹುಕಾರರು ಕನ್ನಡಕ ಹಾಕಿಕೊಂಡು ತಾವೇ ಸುರಿದು ನೋಡಿದರಂತೆ, ಎರಡು ಸಲ. ತಪ್ಪಾಯಿತು ಅಂತ ಹೇಳಲಿಲ್ಲ. "ಹಂಗಾದ್ರೆ ಈಗೇನು ಮಾಡೋದು?" ಅಂದರು. ಮಾವನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ, ಇರಲಿ.

ಈ ಆಮ್ಲವನ್ನು ಕಡಿಮೆ ಮಾಡಲು ಮನೆಯ ಕೊಳಕ್ಕೆ ಇರುವ ಖಂಡಿತವಾದ ದಾರಿ ಒಂದೇ, ಹಳೆ ನೀರು ತೆಗೆದು ಹೊಸ ನೀರು ತುಂಬುವುದು. 200ರಿಂದ 40ಕ್ಕೆ ಇಳಿಸಲು ಐದರಲ್ಲಿ ನಾಲ್ಕು ಪಾಲು, ಅಂದರೆ 40,000 ಲೀಟರ್ ಬೇಕು. ಜಲ ಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಭಾಗಿಸಿ ನೋಡಿದರೆ 700ಕ್ಕೂ ಹೆಚ್ಚು ಜನರ ಒಂದು ದಿನದ ನೀರು! ಮೇ ತಿಂಗಳಲ್ಲಿ ಬಾವಿ ತಳ ಕಂಡಿರುವಾಗ ಅದು ಸಾಧ್ಯವೇ? ಮಳೆ ಬರುವವರೆಗೆ ಯಾರೂ ಇಳಿಯಬಾರದು ಅಂತ ಕೊಳ ಮುಚ್ಚಿದರು.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ಈ ಮಾತ್ರೆಯನ್ನೂ ನಮ್ಮ ಪಂಚಾಯ್ತಿಯವರು ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಯಾವತ್ತೂ ಬೆರೆಸಬಾರದು. ವಿಷಗಾಳಿ ಬರುತ್ತದೆ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಬ್ಲೀಚಿಂಗ್ ಪೌಡರಿನಲ್ಲಿ ಸಯನೂರಿಕ್ ಆಮ್ಲ ಇಲ್ಲ, ಆದ್ದರಿಂದ ನಮ್ಮ ಟ್ಯಾಂಕಿನ ನೀರಿಗೆ ಈ ಚುಕ್ಕೆ ಪರೀಕ್ಷೆಯ ಅಗತ್ಯ ಇಲ್ಲ. ಎರಡು, ಪರೀಕ್ಷೆ ಮಾಡಿದ ಬಿಳಿ ನೀರನ್ನು ಮತ್ತೆ ಕೊಳಕ್ಕೆ ಸುರಿಯಬಾರದು, ಕೈ ತೊಳೆದುಕೊಳ್ಳಬೇಕು. 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಆಹಾರದಲ್ಲಿ ಮೆಲಮೈನ್ ಮತ್ತು ಸಯನೂರಿಕ್ ಆಮ್ಲ ಎರಡೂ ಬೆರೆತು, ಅವುಗಳ ಮೂತ್ರಪಿಂಡದೊಳಗೆ ಇದೇ ಕರಗದ ಹರಳು ಕಟ್ಟಿ ಬಹಳ ಪ್ರಾಣಿಗಳು ಸತ್ತವು. ಕೊಳವೆಯಲ್ಲಿ ನಮಗೆ ಉಪಕಾರ ಮಾಡುವ ಕ್ರಿಯೆ ಅಲ್ಲಿ ಪ್ರಾಣ ತೆಗೆಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಗುಲಾಬಿ ಪರೀಕ್ಷೆಯಲ್ಲಿ ಕ್ಲೋರಿನ್ ಸೊನ್ನೆ ಆಗುವವರೆಗೆ ಕಾದು, ಹಳೆ ನೀರನ್ನು ಹಳ್ಳಕ್ಕೆ ಬಿಡದೆ ಪಾಳು ಬಯಲಿಗೆ ಬಿಟ್ಟರು. ಒಂದೇ ಸಲ ಬರಿದು ಮಾಡಲಿಲ್ಲ. ಮಳೆಗಾಲದಲ್ಲಿ ನೆಲದಡಿಯ ನೀರು ಏರಿದಾಗ ಅದು ಖಾಲಿ ತೊಟ್ಟಿಯನ್ನು ಕೆಳಗಿನಿಂದ ಎತ್ತಿ ಒಡೆದುಬಿಡಬಹುದಂತೆ. ಅರ್ಧ ತೆಗೆದು ತುಂಬಿಸಿದರು, ಆಮೇಲೆ ಇನ್ನೊಮ್ಮೆ ಅರ್ಧ. 200 ಇದ್ದದ್ದು 100, 100 ಇದ್ದದ್ದು 50. ಮಾತ್ರೆಯ ಬದಲು ಈಗ ದ್ರವ ಕ್ಲೋರಿನ್ ಹಾಕುತ್ತಾರೆ, ಅದರಲ್ಲಿ ಈ ಆಮ್ಲ ಇರುವುದಿಲ್ಲ.

ಕಳೆದ ವಾರ ಮಾವ ಫೋನ್ ಮಾಡಿದ್ದರು. "ಚುಕ್ಕೆ ಮತ್ತೆ 40, 50ರ ನಡುವೆಯೇ ಮರೆಯಾಯ್ತು ಕಣಮ್ಮ" ಅಂದರು. ನನಗೆ ಎದೆ ಧಸಕ್ಕೆಂದಿತು. ಮಾವ ನಗುತ್ತಿದ್ದರು. "ಈ ಸಲ ಬಾವಿ ನೀರು ಸೇರಿಸಿಲ್ಲ, ನಾಲ್ಕರಿಂದ ಗುಣಿಸಬೇಡ."

— 9ನೇ ತರಗತಿ ವಿದ್ಯಾರ್ಥಿನಿ