ಸ್ಟೀಲು ಕೊರೆಯಲು ಎಂಥ ಬಿಟ್?

ಸ್ಟೀಲಿನ ತೊಟ್ಟಿಗೆ ನಲ್ಲಿ ಕೂಡಿಸಲು ಹೋದಾಗ ಡ್ರಿಲ್ ಬಿಟ್ ಸುಟ್ಟು, ತೂತು ಅರ್ಧಕ್ಕೇ ನಿಲ್ಲುವುದುಂಟು. ಕಾರಣವೇನು? ಈ ಲೋಹ ಬರಿದೆ ಉಜ್ಜಿದರೆ ಗಟ್ಟಿಯಾಗುತ್ತದೆ. ಕಾವು ಬೇಗ ಹರಡದೆ ಮೊನೆಯಲ್ಲೇ ನಿಲ್ಲುತ್ತದೆ.

ಅಂಗಡಿಯಲ್ಲಿ ಕೋಬಾಲ್ಟ್ ಬಿಟ್ ಕೇಳಿರಿ. ‘ಎಂ 35’ ಗುರುತಿನದರಲ್ಲಿ ಶೇಕಡಾ 5ರಷ್ಟು ಕೋಬಾಲ್ಟ್ ಇರುತ್ತದೆ. ಕಾದರೂ ಹರಿತ ಬೇಗ ಹೋಗದು. ಬಣ್ಣ ನೋಡಿ ಕೊಳ್ಳಬೇಡಿರಿ, ಗುರುತು ಓದಿರಿ. ಮೊನೆ 118 ಡಿಗ್ರಿಗಿಂತ 135 ಡಿಗ್ರಿಯದು ಲೇಸು, ಜಾರುವುದು ಕಡಿಮೆ.

ಮೊದಲು ಪಂಚಿನಿಂದ ಗುಳಿ ಹೊಡೆಯಿರಿ. 6 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸುಮಾರು 500 ಸುತ್ತು ಸಾಕು. ಎಣ್ಣೆ ಹನಿಸುತ್ತ ಬಿಗಿಯಾಗಿ ಒತ್ತಿರಿ; ಲೋಹದ ಸುರುಳಿ ಬರುತ್ತಿರಬೇಕು. ಬರಿದೆ ತಿರುಗಿದರೆ ಕೂಡಲೇ ನಿಲ್ಲಿಸಿರಿ.

ಕನ್ನಡಕ ಮರೆಯಬೇಡಿರಿ. ಬಿಟ್ ಹೋದರೆ ಅಂಗಡಿಯಲ್ಲಿ ಸಿಕ್ಕೀತು, ಕಣ್ಣು ಸಿಗದು.