ಠಾಣೆ ಖಾಡಿಯ ರಾಜಹಂಸಗಳು

ಹಂಸವು ನೀರನ್ನು ಬಿಟ್ಟು ಹಾಲನ್ನು ಮಾತ್ರ ಹೀರುವುದೆಂಬ ಕವಿಸಮಯವನ್ನು ನೀವು ಪಾಠಗಳಲ್ಲಿ ಓದಿರಬಹುದು. ನಮ್ಮ ಮುಂಬಯಿಗೆ ವರ್ಷವರ್ಷವೂ ಬರುವ ಹಕ್ಕಿಯೊಂದು ಹೆಚ್ಚುಕಡಿಮೆ ಅದೇ ಕೆಲಸವನ್ನು ಕೆಸರುನೀರಿನಲ್ಲಿ ಮಾಡುತ್ತದೆ. ಇಂಗ್ಲಿಷಿನಲ್ಲಿ ಫ್ಲೆಮಿಂಗೊ ಎನ್ನುವ ಇದನ್ನು ಕನ್ನಡದಲ್ಲಿ ರಾಜಹಂಸವೆಂದು ಕರೆಯುವ ರೂಢಿಯಿದೆ. ಹಂಸದ ಕುಲಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ.

ಕಚ್ಛದ ರಣದಲ್ಲಿ ಮರಿಮಾಡುವ ಈ ಹಕ್ಕಿಗಳು ಮಳೆಗಾಲ ಕಳೆದ ಮೇಲೆ ಠಾಣೆ ಖಾಡಿಗೆ ಬಂದು ಬೇಸಗೆಯವರೆಗೂ ತಂಗುತ್ತವೆ. ನೋಡಹೊರಡುವವರು ಮೊದಲು ಕಡಲಿನ ಉಬ್ಬರವಿಳಿತಗಳ ವೇಳೆಯನ್ನು ತಿಳಿದಿರಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಕಳೆದ ಭಾನುವಾರ ಹಿಂಡು ಕಂಡ ಹೊತ್ತಿಗೇ ಈ ಭಾನುವಾರ ಹೋದರೆ ಬರಿಯ ನೀರು ಕಂಡೀತು!

ಇಳಿತದ ಕಾಲದಲ್ಲಿ ಹಕ್ಕಿಗಳು ಸರಿಯುವ ನೀರಿನ ಅಂಚನ್ನು ಹಿಂಬಾಲಿಸುತ್ತ ಮೇಯುತ್ತವೆ. ಕತ್ತನ್ನು ಬಾಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದುವುದನ್ನು ಗಮನಿಸಿರಿ. ದಪ್ಪ ನಾಲಿಗೆಯು ಪಂಪಿನಂತೆ ಆಡಿ ನೀರನ್ನು ಒಳಗೆಳೆದು ಹೊರದೂಡುತ್ತದೆ. ಕೊಕ್ಕಿನೊಳಗೆ ಬಾಚಣಿಗೆಯ ಹಲ್ಲುಗಳಂತಿರುವ ಎಳೆಗಳಲ್ಲಿ ಆಹಾರವು ಸಿಕ್ಕಿಕೊಳ್ಳುತ್ತದೆ. ಆ ಆಹಾರದಲ್ಲಿರುವ ವರ್ಣದ್ರವ್ಯವೇ ಗರಿಗಳ ನಸುಗೆಂಪಿಗೆ ಕಾರಣ. ನಡುವೆ ಬೂದುಬಣ್ಣದ್ದು ಕಂಡರೆ ಅದು ಎಳೆಯ ಹಕ್ಕಿಯೆಂದು ತಿಳಿಯಿರಿ.

ಇಲ್ಲಿ ಎರಡು ಜಾತಿಗಳುಂಟು. ಕಿರಿಯದು ಸುಮಾರು 3 ಅಡಿ ಎತ್ತರ, ಕೊಕ್ಕು ಕಡುಗೆಂಪು. ಸೂಕ್ಷ್ಮವಾದ ಪಾಚಿಯೇ ಅದರ ಮುಖ್ಯ ಆಹಾರ. ಹಿರಿಯದು 4 ಅಡಿಗೂ ಮಿಕ್ಕದ್ದು, ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಅದು ಕೆಸರಿನ ಹುಳುಗಳನ್ನೂ ಸಣ್ಣ ಸಿಗಡಿಗಳನ್ನೂ ಸೋಸಿ ತಿನ್ನುತ್ತದೆ. ಹೀಗಾಗಿ ಒಂದೇ ಬಯಲಿನಲ್ಲಿ ಎರಡಕ್ಕೂ ಊಟಕ್ಕೆ ಕೊರತೆಯಿಲ್ಲ.

ಉಬ್ಬರವೇರಿದಾಗ ಆ ಬಯಲು ಮುಳುಗುತ್ತದೆ. ಆಗ ಹಕ್ಕಿಗಳು ನವೀ ಮುಂಬಯಿಯ ಆಳವಿಲ್ಲದ ಕೊಳಗಳಿಗೆ ಹಾರಿಹೋಗಿ ಒಂಟಿಕಾಲಿನ ಮೇಲೆ ವಿಶ್ರಮಿಸುತ್ತವೆ. ಖಾಡಿಯ ಒಂದು ಭಾಗವು 2015ರಲ್ಲಿ ಅಭಯಾರಣ್ಯವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಈ ಕೊಳಗಳಾದರೋ ಅಭಯಾರಣ್ಯದ ಗೆರೆಯಾಚೆಗೆ ಉಳಿದವು. ಹಕ್ಕಿಗೆ ಆ ಗೆರೆಯ ಅರಿವೆಲ್ಲಿಯದು? 2024ರಲ್ಲಿ ನೆರೂಳಿನ ಕೊಳವೊಂದಕ್ಕೆ ಕಡಲನೀರು ಬರುವ ದಾರಿ ಕಟ್ಟಿಹೋಗಿ ಅದು ಒಣಗತೊಡಗಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಘಾಟ್ಕೋಪರದ ಬಳಿ ಹಿಂಡೊಂದಕ್ಕೆ ವಿಮಾನವು ತಾಗಿ 30ಕ್ಕೂ ಹೆಚ್ಚು ರಾಜಹಂಸಗಳು ಸತ್ತವು.

ಯಾವ ಉಬ್ಬರಕ್ಕೆ ಯಾವ ಕೊಳದಲ್ಲಿ ಎಷ್ಟು ಹಕ್ಕಿಗಳು ನಿಂತಿದ್ದವೆಂಬುದನ್ನು ತಾರೀಖು ಸಹಿತ ಬರೆದಿಡುವುದು ನಿಮ್ಮಿಂದಲೂ ಆಗುವ ಕೆಲಸ. ದಡದಲ್ಲಿ ನಿಂತು ಹತ್ತತ್ತರ ಗುಂಪುಗಳಾಗಿ ಎಣಿಸಿರಿ. ಮೇಯುವ ಹಕ್ಕಿಗಳು ಒಮ್ಮೆಲೇ ಕತ್ತೆತ್ತಿ ನಿಂತರೆ ನೀವು ತೀರ ಸಮೀಪಕ್ಕೆ ಹೋಗಿರುವಿರೆಂದು ಅರ್ಥ. ಸದ್ದಿಲ್ಲದೆ ಹಿಂದೆ ಸರಿಯಿರಿ.