ತಾರೀಖಿನ ತೊಡಕು

ಕಾಲವು ಅಖಂಡವಾದುದು. ಅದನ್ನು ದಿನ, ತಿಂಗಳು, ವರ್ಷಗಳೆಂದು ವಿಂಗಡಿಸಿ ಹೆಸರಿಟ್ಟವನು ಮನುಷ್ಯ. ಆದರೆ ಒಂದೇ ದಿನವನ್ನು ಬರೆಯುವ ರೀತಿ ನಾಡಿನಿಂದ ನಾಡಿಗೆ ಭಿನ್ನವಾಗಿದೆ. ಈ ಭೇದದಿಂದ ಹುಟ್ಟುವ ತೊಡಕು ಬಹಳ ಹಳೆಯದು. ಗಣಕಯಂತ್ರದ ಕಾಲದಲ್ಲಿ ಅದು ಹೊಸ ರೂಪವನ್ನು ತಾಳಿದೆ.

ಉತ್ತರ ಕನ್ನಡದ ಕರಾವಳಿಯನ್ನೇ ನೋಡೋಣ. 1637ರ ಆರಂಭದಲ್ಲಿ ಇಂಗ್ಲಿಷ್ ವರ್ತಕರು ಭಟ್ಕಳಕ್ಕೆ ಬಂದು, ಇಕ್ಕೇರಿಯ ವೀರಭದ್ರನಾಯಕನಿಂದ ವ್ಯಾಪಾರಕ್ಕೆ ಅನುಮತಿ ಪಡೆದರು. ಆಗ ಹೊನ್ನಾವರದ ಕೋಟೆ ಪೋರ್ಚುಗೀಸರ ವಶದಲ್ಲಿತ್ತು. ಪೋರ್ಚುಗಲ್ ದೇಶವು 1582ರಲ್ಲಿಯೇ ಗ್ರೆಗೋರಿಯನ್ ಪಂಚಾಂಗವನ್ನು ಅಂಗೀಕರಿಸಿತ್ತು; ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಪಂಚಾಂಗವನ್ನು ಬಿಡಲಿಲ್ಲ. ಎರಡಕ್ಕೂ ಆಗ ಹತ್ತು ದಿನಗಳ ಅಂತರವಿತ್ತು. ಅದೂ ಅಲ್ಲದೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಮೊದಲಾಗುತ್ತಿತ್ತು. ಆದುದರಿಂದ ಹೊನ್ನಾವರದ ಪೋರ್ಚುಗೀಸ್ ಲೆಕ್ಕದಲ್ಲಿ 1637ನೆಯ ಫೆಬ್ರವರಿ 15 ಆಗಿದ್ದ ದಿನವು ಭಟ್ಕಳದ ಇಂಗ್ಲಿಷರ ಲೆಕ್ಕದಲ್ಲಿ 1636ನೆಯ ಫೆಬ್ರವರಿ 5 ಆಗಿತ್ತು! ಇಬ್ಬರೂ ಸುಳ್ಳು ಬರೆದವರಲ್ಲ. ಯಾವ ಪಂಚಾಂಗವೆಂಬುದನ್ನು ತಿಳಿಯದೆ ಓದಿದವನು ಮಾತ್ರ ಒಂದೇ ದಿನವನ್ನು ಎರಡೆಂದು ಭ್ರಮಿಸುತ್ತಾನೆ.

ನಮ್ಮ ಶಾಸನಗಳನ್ನು ಬರೆಸಿದವರು ಈ ವಿಷಯದಲ್ಲಿ ಎಚ್ಚರಿಕೆಯುಳ್ಳವರಾಗಿದ್ದರು. ಅವರು ಅನೇಕ ಶಾಸನಗಳಲ್ಲಿ ಶಕವರ್ಷದ ಸಂಖ್ಯೆಯೊಡನೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನೂ ಕೆತ್ತಿಸಿದರು. ಇದು ಬರಿಯ ಆಡಂಬರವಲ್ಲ. ಒಂದು ತಪ್ಪಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. 2025ರ ಯುಗಾದಿಯಂದು ಮೊದಲಾದ ಶಕವರ್ಷ 1947ರ ಹೆಸರು ವಿಶ್ವಾವಸು. ಯಾರಾದರೂ ಕೈತಪ್ಪಿ ‘1974, ವಿಶ್ವಾವಸು’ ಎಂದು ಬರೆದರೆ, ಶಕ 1974ರ ಹೆಸರು ಆಂಗಿರಸವಾದುದರಿಂದ ದೋಷ ಕೂಡಲೇ ಬಯಲಾಗುತ್ತದೆ.

ಇಂದು ಶಾಲೆ, ಆಸ್ಪತ್ರೆ, ಕಚೇರಿಗಳ ದಾಖಲೆಗಳು ಗಣಕಯಂತ್ರದ ದತ್ತಸಂಚಯವನ್ನು ಸೇರುತ್ತಿವೆ. ಕುಮಟೆಯಲ್ಲಿ ಹುಟ್ಟಿದ ಮಗುವೊಂದರ ಜನ್ಮದಿನವನ್ನು 03-04-2012 ಎಂದು ಬರೆದರೆನ್ನೋಣ. ನಮ್ಮ ರೂಢಿಯಂತೆ ಅದು ಏಪ್ರಿಲ್ 3. ಆದರೆ ಅಮೆರಿಕದ ರೂಢಿಯಂತೆ ಸಜ್ಜುಗೊಳಿಸಿದ ಯಂತ್ರವು ಅದನ್ನು ಮಾರ್ಚ್ 4 ಎಂದು ಗ್ರಹಿಸುತ್ತದೆ. 25-04-2012 ಎಂದು ಬರೆದರೆ ಇಪ್ಪತ್ತೈದನೆಯ ತಿಂಗಳಿಲ್ಲವಾದುದರಿಂದ ಯಂತ್ರವು ಸಾಮಾನ್ಯವಾಗಿ ನಿರಾಕರಿಸುತ್ತದೆ. ನಿರಾಕರಣೆ ಕಣ್ಣಿಗೆ ಕಾಣುವ ದೋಷ; ಅದನ್ನು ತಿದ್ದಬಹುದು. ಮೌನವಾಗಿ ಒಳಸೇರಿದ ಮಾರ್ಚ್ 4 ಕಾಣದ ದೋಷ. ಅದೇ ಹೆಚ್ಚು ಅಪಾಯಕಾರಿ. ಮುಂದೊಂದು ದಿನ ಆ ಮಗು ಬೆಳೆದು, ಭಟ್ಕಳದ ಅನೇಕರಂತೆ ಕೊಲ್ಲಿ ರಾಷ್ಟ್ರಗಳಿಗೆ ಹೊರಟಾಗ, ಶಾಲೆಯ ಪ್ರಮಾಣಪತ್ರದಲ್ಲಿ ಒಂದು ತಾರೀಖು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ತಾರೀಖು ಕಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಇನ್ನೊಂದು ಸೂಕ್ಷ್ಮವೂ ಉಂಟು. ಭಾರತದ ಗಡಿಯಾರವು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ಜೂನ್ 10ರ ನಸುಕಿನ ಮೂರು ಗಂಟೆಗೆ ಇಲ್ಲಿ ಹುಟ್ಟಿದ ಮಗುವಿನ ಜನನಕಾಲವನ್ನು ಯಂತ್ರವು ಗ್ರೀನಿಚ್ ಕಾಲಕ್ಕೆ ಪರಿವರ್ತಿಸಿದರೆ, ಅದು ಜೂನ್ 9ರ ರಾತ್ರಿ ಒಂಬತ್ತೂವರೆಯಾಗುತ್ತದೆ. ಆ ಪರಿವರ್ತಿತ ಕಾಲದಿಂದಲೇ ತಾರೀಖನ್ನು ತೆಗೆದುಕೊಂಡರೆ ಒಂದು ದಿನ ಹಿಂದೆ ಸರಿಯುವುದು.

ಇದಕ್ಕೆ ಪರಿಹಾರವೇನು? ಮೊದಲು, ದೋಷ ಎಲ್ಲಿ ಹುಟ್ಟಿತೆಂದು ಕ್ರಮವಾಗಿ ಹುಡುಕಬೇಕು: ಬರೆದ ಕಾಗದದಲ್ಲಿಯೋ, ಯಂತ್ರಕ್ಕೆ ತುಂಬುವಾಗಲೋ, ಯಂತ್ರವು ಸಂಗ್ರಹಿಸುವಾಗಲೋ, ಮರಳಿ ತೋರಿಸುವಾಗಲೋ? ಹದಿಮೂರಕ್ಕಿಂತ ಕಡಿಮೆಯ ದಿನವೊಂದನ್ನೂ ಹೆಚ್ಚಿನ ದಿನವೊಂದನ್ನೂ ತುಂಬಿ ನೋಡಿದರೆ ತಿಂಗಳು-ದಿನಗಳ ಅದಲುಬದಲು ತಿಳಿಯುತ್ತದೆ. ಎರಡನೆಯದಾಗಿ, ತಾರೀಖನ್ನು ಬರಿಯ ಅಕ್ಷರಗಳ ಸಾಲಾಗಿ ಇಡದೆ, ತಾರೀಖಿಗೆಂದೇ ಇರುವ ಅಂಕಣದಲ್ಲಿ ಇಡಬೇಕು. ಮೂರನೆಯದಾಗಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹಿಸುವಾಗ 1988ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕದಂತೆ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಅನುಸರಿಸಬೇಕು: 2012-04-03. ಜನ್ಮದಿನಕ್ಕೆ ಗಂಟೆ-ನಿಮಿಷಗಳನ್ನು ಜೋಡಿಸದಿರುವುದೇ ಲೇಸು. ಓದುವವರಿಗೆ ತೋರಿಸುವಾಗ ಮಾತ್ರ ಅವರವರ ನಾಡಿನ ರೂಢಿಯಂತೆ, ೦೩-೦೪-೨೦೧೨ ಎಂದು ಕನ್ನಡದ ಅಂಕಿಗಳಲ್ಲಿಯೂ ತೋರಿಸಬಹುದು.

ನಮ್ಮ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಜನ್ಮದಿನವನ್ನು ಅಂಕಿಯಲ್ಲಿ ಬರೆದು, ಪಕ್ಕದಲ್ಲಿ ‘ಏಪ್ರಿಲ್ ಮೂರು, ಎರಡು ಸಾವಿರದ ಹನ್ನೆರಡು’ ಎಂದು ಅಕ್ಷರದಲ್ಲಿಯೂ ಬರೆಯುವ ಪದ್ಧತಿಯಿದೆ. ಶಾಸನಕಾರರ ಎಚ್ಚರಿಕೆಯೇ ಇಲ್ಲಿಯೂ ಮುಂದುವರಿದಿದೆ. ಯಂತ್ರವು ತನಗೆ ಹೇಳಿದ ರೂಢಿಯಂತೆ ಓದುತ್ತದೆಯೇ ಹೊರತು ಬರೆದವನ ಮನಸ್ಸನ್ನು ಅರಿಯದು. ಆದುದರಿಂದ ಅರ್ಥ ಎರಡಾಗದಂತೆ ಬರೆಯುವ ಹೊಣೆ ಬರೆಯುವವನದು. ತನ್ನ ದಾಖಲೆಗಳನ್ನು ಕೈಗೆ ಬಂದ ದಿನವೇ ಓದಿ ತಾಳೆ ನೋಡುವ ಹೊಣೆ ಪ್ರತಿಯೊಬ್ಬ ವಿದ್ಯಾರ್ಥಿಯದು.